ಹುಲುಗಮ್ಮನ ಬಾಣಂತಿ ಖಾರ

ನನ್ನ ಗಂಡನ ಹೆಸರು ಕೇಳುವ ಮೊದಲೇ ನಾನು ಹುಲುಗಮ್ಮನ ಹೆಸರು ಕೇಳಿದ್ದೆ. ಸಿರುಗುಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅಕ್ಕಿ ಕೇರುತ್ತಿದ್ದೆ. ಸೋದರತ್ತೆ ಹಂಪಕ್ಕ ಬಂದು ನನ್ನನ್ನು ಕುರುಗೋಡಿಗೆ ಕೊಡುವ ಮಾತು ಎತ್ತಿದಳು. ಹೊಲ ಎಷ್ಟಿದೆ, ಅತ್ತೆ ಎಂಥವಳು ಎಂದು ಅವ್ವ ಕೇಳಲಿಲ್ಲ. ಹಿಂದಿನ ವರ್ಷವೇ ನನ್ನ ಅಕ್ಕ ಹೆರಿಗೆಯಾದ ಒಂಬತ್ತನೆಯ ದಿನ ಬಾಣಂತಿ ಸನ್ನಿ ಹಿಡಿದು, ಮೈ ಕಾದ ಹಂಚಿನಂತಾಗಿ ತೀರಿಕೊಂಡಿದ್ದಳು. ಅದಕ್ಕೇ ಅವ್ವ ಮೊದಲು ಕೇಳಿದ್ದು, ಆ ಊರಲ್ಲಿ ಸೂಲಗಿತ್ತಿ ಯಾರು ಎಂದು.

“ಹುಲುಗಮ್ಮ ಅದಾಳ,” ಅಂದಳು ಹಂಪಕ್ಕ. “ಆಕಿ ಕೈಯಾಗ ಸತ್ತೋರು ಯಾರೂ ಇಲ್ಲ. ಸತ್ತೋರೆಲ್ಲ ಆಕಿನ್ನ ತಡ ಮಾಡಿ ಕರದೋರು.”

ಅವ್ವನಿಗೆ ಅಷ್ಟು ಸಾಕಾಯಿತು. ಇದು ನಲವತ್ತಮೂರನೇ ಇಸವಿಯ ಮಾತು, ಹೊರಗೆ ಯುದ್ಧ ನಡೆದಿತ್ತು. ನಾನು ಕನ್ನಡ ಶಾಲೆಯಲ್ಲಿ ಮೂರನೆಯ ಕ್ಲಾಸು ಮುಗಿಸಿ ಆರು ವರ್ಷವಾಗಿತ್ತು.

ಕುರುಗೋಡಿಗೆ ಬಂದ ಮೇಲೆ ಅವಳನ್ನು ನೋಡಿದೆ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರದ ಹೆಂಗಸು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಇದ್ದ ಒಬ್ಬ ಮಗಳು ಗಂಗಕ್ಕನನ್ನು ಸೂಲಗಿತ್ತಿ ಕೆಲಸದಲ್ಲೇ ಸಾಕಿ ಕೊಳಗಲ್ಲಿಗೆ ಮದುವೆ ಮಾಡಿ ಕೊಟ್ಟಿದ್ದಳು. ಊರ ಗೌಡರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದಳು. ಕೇಳಿದರೆ, ಅವನು ಹುಟ್ಟಿದಾಗ ಮೊದಲು ಹಿಡಿದ ಕೈ ನನ್ನದು, ಆಗ ಅವನ ಮೈಮೇಲೆ ಗೌಡಿಕೆ ಏನೂ ಕಾಣಲಿಲ್ಲ ಅನ್ನುತ್ತಿದ್ದಳು. ನನ್ನನ್ನು ಕೊನೆಯವರೆಗೂ ಹೆಸರು ಹಿಡಿದು ಕರೆಯಲಿಲ್ಲ. ಸಿರುಗುಪ್ಪದಾಕಿ ಅಂತಲೇ ಕರೆದಳು.

ಹೆರಿಗೆ ಮಾಡಿಸುವುದಕ್ಕಿಂತಲೂ ಅವಳ ಹೆಸರು ನಿಂತಿದ್ದು ಬಾಣಂತಿ ಖಾರದಲ್ಲಿ. ಒಣಶುಂಠಿ, ಮೆಣಸು, ಹಿಪ್ಪಲಿ, ಓಮು ಎಲ್ಲ ಹುರಿದು, ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿ. ಬಾಣಂತಿ ನಲವತ್ತು ದಿನ ಬಿಸಿ ಅನ್ನಕ್ಕೆ ತುಪ್ಪ ಬಿಟ್ಟು ಅದನ್ನೇ ಕಲಸಿ ಉಣ್ಣಬೇಕು. ಯಾವುದು ಎಷ್ಟು ಅಂತ ಹುಲುಗಮ್ಮ ಯಾರಿಗೂ ಹೇಳಿದವಳಲ್ಲ. ಅವಳ ಮುಷ್ಟಿಯೇ ಅದಕ್ಕೆ ಅಳತೆ.

ನಲವತ್ತೈದರಲ್ಲಿ ನನ್ನ ಚೊಚ್ಚಲ ಹೆರಿಗೆಯಾಯಿತು. ಕೂಸು ಸಲೀಸಾಗಿ ಬಂತು, ನಾಲ್ಕನೆಯ ದಿನ ಸನ್ನಿ ಬಂತು. ಹುಲುಗಮ್ಮ ಅಗ್ಗಿಷ್ಟಿಗೆ ಇಟ್ಟಳು, ಲೋಬಾನ ಹಾಕಿದಳು, ಬೇವಿನ ಸೊಪ್ಪು ಕಟ್ಟಿದಳು. ಜ್ವರದ ತಲೆಯಲ್ಲಿ ನಾನು ಅತ್ತೆ ವೀರಭದ್ರಮ್ಮನಿಗೆ ಏನೇನೋ ಅಂದೆನಂತೆ. ಹುಲುಗಮ್ಮ ಆಮೇಲೆ ಹೇಳುತ್ತಿದ್ದಳು, ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ ಅಂತ. ಅತ್ತೆ ಅಷ್ಟು ಕೇಳಿಸಿಕೊಂಡೂ ನನ್ನನ್ನು ಬಿಡಲಿಲ್ಲ. ಎರ್ರೆಪ್ಪನಿಗೆ ಹೇಳಿಕಳಿಸಿದಳು. ಅವನು ದಂಡಿನಲ್ಲಿ ಗಾಯ ಕಟ್ಟುವ ಕೆಲಸ ಮಾಡಿ ಬಂದವನು. ಊರಿಗೆ ಮರಳಿ ಒಂದು ಖೋಲಿಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ. ಎಲ್ಲರೂ ಅವನನ್ನು ಕಾಂಪೌಂಡರ್ ಅನ್ನುತ್ತಿದ್ದರು. ಬಿಳಿ ಗುಳಿಗೆ ಕೊಟ್ಟು, ಇದು ಸಲ್ಫಾ, ನಾಲ್ಕು ತಾಸಿಗೊಮ್ಮೆ ನುಂಗಬೇಕು, ನೀರು ಬಹಳ ಕುಡಿಯಬೇಕು, ಐದು ದಿನಕ್ಕಿಂತ ಹೆಚ್ಚು ಬೇಡ ಅಂದ. ಮೂರನೆಯ ದಿನ ಜ್ವರ ಇಳಿಯಿತು.

ನಾನು ಬದುಕಿದ್ದು ಹುಲುಗಮ್ಮನಿಗೆ ಮಾಡಿದ ಅಪಮಾನವಾಯಿತು. ಒಂದು ತಿಂಗಳು ನಮ್ಮ ಓಣಿಯಲ್ಲಿ ಕಾಲಿಡಲಿಲ್ಲ. ಆಮೇಲೊಂದು ದಿನ ಮಧ್ಯಾಹ್ನ ತಾನಾಗಿಯೇ ಬಂದು, ಕಣ್ಣ ರೆಪ್ಪೆ ಎಳೆದು ನೋಡಿದಳು, ಹೊಟ್ಟೆ ಒತ್ತಿದಳು, ನಾಲಗೆ ತೆಗೆಸಿದಳು. ಎರವಲು ಕೊಟ್ಟ ಕೊಡ ವಾಪಸು ಬಂದಾಗ ತೂತು ಬಿದ್ದಿದೆಯೇನೋ ಎಂದು ನೋಡುವ ಹಾಗೆ ನೋಡಿ, ಎಷ್ಟು ಗುಳಿಗೆ ಕೊಟ್ಟ ಅಂತ ಮಾತ್ರ ಕೇಳಿದಳು. ಹೇಳಿದೆ. ಎದ್ದು ಹೋದಳು.

ಅಲ್ಲಿಂದ ನೆಟ್ಟಗೆ ಎರ್ರೆಪ್ಪನ ಖೋಲಿಗೆ ಹೋಗಿದ್ದಾಳೆ. ಜ್ವರ ಬಂದ ಮೇಲೆ ಕೊಡುವ ಮದ್ದು ಇದು ಅಂತ ಅವನು ಹೇಳಿದ್ದಾನೆ. “ಕಳ್ಳ ಒಳಗ ಹೊಕ್ಕ ಮ್ಯಾಲೆ ಚಿಲಕ ಹಾಕೋದು ಯಾವ ಶಾಣ್ಯಾತನ?” ಅಂತ ಅವಳು ಕೇಳಿದ್ದಕ್ಕೆ ನಕ್ಕುಬಿಟ್ಟೆ ಎಂದು ಎರ್ರೆಪ್ಪನೇ ನಮಗೆ ಹೇಳಿದ್ದ. ಆ ನಗುವಿಗಾಗಿ ಅವನು ಮುಂದೆ ಬಹಳ ವರ್ಷ ಮರುಗಿದ. ಜ್ವರ ಬಂದ ಬಾಣಂತಿಗೆ ಇರಲಿ ಅಂತ ಅವಳು ಆಗಾಗ ಗುಳಿಗೆ ಒಯ್ಯುತ್ತಿದ್ದಳು. ಅವನೂ ನಂಬಿ ಕೊಡುತ್ತಿದ್ದ.

ಅವಳು ಮಾಡಿದ್ದೇನೆಂದರೆ, ಗುಳಿಗೆಗಳನ್ನು ಖಾರಕ್ಕೇ ಸೇರಿಸಿ ಕುಟ್ಟಿದಳು. ಜ್ವರ ಇರಲಿ ಇಲ್ಲದಿರಲಿ, ಹೆರಿಗೆಯಾದ ದಿನದಿಂದ ನಲವತ್ತು ದಿನ ಎರಡು ಹೊತ್ತೂ ಅನ್ನದ ಜೊತೆ ಮದ್ದು. ಕುಟ್ಟಿದ್ದು ನಮ್ಮ ಒರಳಲ್ಲಿ, ಒನಕೆ ಹಿಡಿದದ್ದು ನಾನು. ಸಲ್ಫಾ ತಿಂದು ಬದುಕಿದವಳ ಕೈಗುಣ ಖಾರಕ್ಕೆ ಬರಲಿ ಅಂತ ಅವಳ ವಿಚಾರ. ನನಗೂ ಅದು ಸರಿ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೂ ಅನ್ನಿಸಿತು.

ಎರಡು ವರ್ಷ ಊರಲ್ಲಿ ಒಬ್ಬ ಬಾಣಂತಿಯೂ ಸನ್ನಿಯಿಂದ ಸಾಯಲಿಲ್ಲ. ಖಾರಕ್ಕೆ ಆಸುಪಾಸಿನ ಹಳ್ಳಿಗಳಿಂದ ಡಬ್ಬಿ ಹಿಡಿದು ಬಂದರು. ಹೆಪ್ಪಿಗೆ ಮಜ್ಜಿಗೆ ಕೊಟ್ಟು ತಗೊಳ್ಳುವ ಹಾಗೆ ಹೆಂಗಸರು ಮನೆಯಿಂದ ಮನೆಗೆ ಅದನ್ನು ಕೊಟ್ಟು ತಗೊಂಡರು. ನಡುವೆ ಇಬ್ಬರು ಮೂವರು ಬಾಣಂತಿಯರಿಗೆ ಬಾಯಿ ಹುಣ್ಣಾಯಿತು, ಗಂಟಲು ನೊಂದಿತು. ಹುಲುಗಮ್ಮ ಅದಕ್ಕೂ ಉಪಾಯ ಮಾಡಿದಳು. ಮೆಣಸು ಜಾಸ್ತಿಯಾಗಿದೆ ಅಂತ ಮೆಣಸು ಕಡಿಮೆ ಮಾಡಿದಳು. ಗುಳಿಗೆ ಅಷ್ಟೇ ಇಟ್ಟಳು. ನಮ್ಮ ಅಜ್ಜಿ ಮುತ್ತಜ್ಜಿಯರ ಕಾಲದಿಂದ ಯಾರಿಗೂ ಕೇಡು ಮಾಡದೆ ಬಂದಿದ್ದ ಮೆಣಸಿನ ಮೇಲೆ ಹೀಗೆ ಅಪವಾದ ಬಂತು.

ನಲವತ್ತೆಂಟರ ದೀಪಾವಳಿ ಮುಗಿದು ವಾರಕ್ಕೆ ಗಂಗಕ್ಕ ತವರಲ್ಲಿ ಹೆತ್ತಳು. ಮೂರನೆಯ ಬಸಿರು ಅದು. ಮೊದಲ ಎರಡು ಕೂಸು ದಕ್ಕಿರಲಿಲ್ಲ. ಅವಳನ್ನು ಚಳಿಜ್ವರ ವರ್ಷಗಟ್ಟಲೆ ತಿಂದಿತ್ತು. ಮೈಯಲ್ಲಿ ರಕ್ತವಿಲ್ಲ, ಉಗುರೆಲ್ಲ ಸುಣ್ಣದ ಬಣ್ಣ, ಕೈ ಹಿಡಿದರೆ ಒಣ ಜೋಳದ ದಂಟು ಹಿಡಿದಂತೆ. ಊರ ಮಂದಿಗೆಲ್ಲ ಒಂದು ಮುಷ್ಟಿ ಹಾಕಿದ ತಾಯಿ, ಮಗಳ ಖಾರಕ್ಕೆ ಗುಳಿಗೆ ಎರಡರಷ್ಟು ಹಾಕಿದಳು. ಗಟ್ಟಿಮುಟ್ಟಾದ ಹೆಣ್ಣುಮಕ್ಕಳು ಅದರ ಅರ್ಧ ತಿಂದು ಉಳಿದುಕೊಂಡಿದ್ದರು. ಬಡಕಲಾದ ಮಗಳಿಗೆ ಪೂರಾ ಎರಡು ಪಾಲು. ಪ್ರೀತಿ ಹೆಚ್ಚಿದ್ದ ಕಡೆಯೇ ಮದ್ದೂ ಹೆಚ್ಚಿ ಬಿತ್ತು.

ಇಪ್ಪತ್ತನಾಲ್ಕನೆಯ ದಿನ ಗಂಗಕ್ಕನಿಗೆ ಎಂಜಲು ನುಂಗಲೂ ಆಗದ ಹಾಗೆ ಗಂಟಲು ಕಟ್ಟಿತು. ಬಾಯೆಲ್ಲ ಬಿಳಿ ಹುಣ್ಣು. ಜ್ವರ ಏರಿತು. ಹುಲುಗಮ್ಮ ಖಾರದಿಂದ ಮೆಣಸು ಪೂರ್ತಿ ತೆಗೆದಳು. ಜ್ವರ ಇದೆಯಲ್ಲ, ಸನ್ನಿಯೇ ಇರಬೇಕು ಅಂತ ಗುಳಿಗೆ ಇನ್ನೂ ಎರಡು ಸೇರಿಸಿದಳು. ಮರುದಿನ ಮಗಳು ಕಣ್ಣು ಬಿಡದಾದಾಗ ನಾನೇ ಓಡಿ ಎರ್ರೆಪ್ಪನನ್ನು ಕರೆತಂದೆ. ಅವನು ಬ್ಯಾಟರಿ ಹಿಡಿದು ಗಂಟಲು ನೋಡಿದ. ಎಷ್ಟು ದಿನದಿಂದ ಎಷ್ಟು ಗುಳಿಗೆ ಅಂತ ಕೇಳಿದ. ಹುಲುಗಮ್ಮ ಹೇಳಿದಳು.

“ಅಕ್ಕಾ, ಇದು ಸನ್ನಿ ಅಲ್ಲ,” ಅಂದ. “ಮದ್ದು ಮಾಡಿದ್ದು. ದಂಡಿನ್ಯಾಗ ಒಬ್ಬಾತಗ ಹಿಂಗ ಆಗಿದ್ದು ನೋಡೀನಿ. ಈಗಿಂದೀಗ ಬಳ್ಳಾರಿಗೆ ಒಯ್ಯಬೇಕು.”

ಆ ಒಬ್ಬಾತ ಏನಾದ ಅಂತ ಹುಲುಗಮ್ಮ ಕೇಳಲಿಲ್ಲ. ಎರ್ರೆಪ್ಪನೂ ಹೇಳಲಿಲ್ಲ.

ಬಸ್ಸಿಗೆ ನಾನೂ ಹತ್ತಿದೆ. ನನ್ನ ಎರಡನೆಯ ಕೂಸಿಗೆ ಐದು ತಿಂಗಳು, ಎದೆಯಲ್ಲಿ ಹಾಲಿತ್ತು, ಗಂಗಕ್ಕನ ಕೂಸಿಗೂ ಕುಡಿಸಬೇಕಿತ್ತು. ಎರಡು ತೊಡೆಯ ಮೇಲೆ ಎರಡು ಕೂಸು. ದಾರಿಯುದ್ದಕ್ಕೂ ಹುಲುಗಮ್ಮ ಮಗಳ ತಲೆ ಹಿಡಿದುಕೊಂಡು ಒಂದೇ ಮಾತು ಹೇಳಿದಳು, ಆಸ್ಪತ್ರೆಯಲ್ಲಿ ಖಾರದ ಮಾತು ಎತ್ತಬೇಡ ಅಂತ. ಸೂಲಗಿತ್ತಿ ಕೈಯಲ್ಲಿ ಕೆಟ್ಟಿತು ಅಂದರೆ ಪೊಲೀಸರನ್ನು ಕರೆಸುತ್ತಾರೆ ಅಂತ ಅವಳು ಯಾವಾಗಿನಿಂದಲೋ ಕೇಳಿದ್ದಳು.

ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದರು, ಏನು ಮದ್ದು ಕೊಟ್ಟಿರಿ? ಹುಲುಗಮ್ಮ ತೆಲುಗಿನಲ್ಲೇ ಅಂದಳು, ಮನೆ ಖಾರ ಅಷ್ಟೇ ತಾಯಿ. ನಾನು ಕೂಸಿನ ಮುಖ ನೋಡುತ್ತಾ ನಿಂತೆ. ಡಾಕ್ಟರಮ್ಮ ಬೆರಳು ಚುಚ್ಚಿಸಿ ರಕ್ತ ಕಳಿಸಿದರು.

ರಕ್ತ ಪರೀಕ್ಷೆ ಮಾಡುವವರು ಪ್ರಾಣೇಶಪ್ಪ, ಸತ್ಯನಾರಾಯಣಪೇಟೆಯ ಆಚಾರ್ಯರ ಮನೆಯವರು. ಹಣೆಯಲ್ಲಿ ಗೋಪಿಚಂದನ, ಅದರ ಕೆಳಗೆ ರಕ್ತದ ಕಣ ನೋಡುವ ದುರ್ಬೀನು. ಮಡಿ ಉಟ್ಟು ಊಟಕ್ಕೆ ಕೂರುವ ಮನುಷ್ಯ ದಿನವೆಲ್ಲ ಊರವರ ರಕ್ತ ಎಣಿಸುತ್ತಿದ್ದರು. ಒಂದು ತಾಸಿಗೆ ಅವರೇ ಹೊರಗೆ ಬಂದು ನಮ್ಮ ಮುಂದೆ ಕುಕ್ಕರಗಾಲಲ್ಲಿ ಕೂತರು. ಮಾತು ಮೆತ್ತಗಿತ್ತು.

“ಅವ್ವಾ, ರಕ್ತದಾಗ ಬಿಳಿ ಕಣ ಅಂತ ಇರ್ತಾವ. ಊರಿಗೆ ತಳವಾರ್ರು ಇದ್ದಂಗ. ರೋಗ ಹೊಕ್ಕರ ಹಿಡಿಯೋರು ಅವ್ರೇ. ಒಂದು ಹನಿಯೊಳಗ ಆರು ಏಳು ಸಾವಿರ ಇರಬೇಕು. ನಿಮ್ಮ ಮಗಳಿಗೆ ಎಂಟುನೂರು ಅದಾವ. ಏನು ತಿನ್ಸೀರಿ, ನಿಜ ಹೇಳ್ರಿ. ಅದನ್ನ ನಿಲ್ಲಿಸದಿದ್ರ ನಾಳೆ ನನಗ ಎಣಿಸೋ ಕೆಲಸ ಇರಂಗಿಲ್ಲ.”

ಹುಲುಗಮ್ಮ ಮಡಿಲಿಗೆ ಕೈ ಹಾಕಿದಳು. ಎರ್ರೆಪ್ಪನ ಮಾತು ನಂಬದೆ, ಆಸ್ಪತ್ರೆಯಲ್ಲೂ ಮಗಳಿಗೆ ತಿನ್ನಿಸಬೇಕು ಅಂತ ಖಾರದ ಗಂಟು ಕಟ್ಟಿ ತಂದಿದ್ದಳು. ಬಿಚ್ಚಿ ಅವರ ಮುಂದಿಟ್ಟಳು.

“ಇದರಾಗ ಸಲ್ಫಾ ಐತಿ,” ಅಂದಳು. “ನಾನೇ ಹಾಕೀನಿ. ಈಕಿ ಬರೇ ಕುಟ್ಯಾಳ. ಪೊಲೀಸರು ಬಂದ್ರ ನನ್ನ ಒಬ್ಬಾಕಿನ್ನ ಒಯ್ಯಲಿ.”

ಪೊಲೀಸರು ಯಾರೂ ಬರಲಿಲ್ಲ. ಡಾಕ್ಟರಮ್ಮ ಬಂದು ಗಂಟನ್ನು ಮೂಸಿ ನೋಡಿದರು. ಬೈದರು. ಆದರೆ ಬೈಗುಳಕ್ಕಿಂತ ಬೇಗ ಪೆನಿಸಿಲಿನ್ ಸೂಜಿ ತಂದರು. ಮೂರು ತಾಸಿಗೊಂದು ಸೂಜಿ. ಸಲ್ಫಾ ಕಳ್ಳರನ್ನು ತಡೆಯುವುದು ನಿಜ, ಆದರೆ ಕೆಲವರ ಮೈಯಲ್ಲಿ ತಳವಾರರನ್ನೂ ಕೆಲಸದಿಂದ ತೆಗೆದುಬಿಡುತ್ತದೆ ಅಂತ ಪ್ರಾಣೇಶಪ್ಪ ತಿಳಿಸಿ ಹೇಳಿದರು. ಯಾರ ಮೈಯಲ್ಲಿ ಹೀಗಾಗುತ್ತದೆ ಅಂತ ಮೊದಲೇ ಹೇಳಲು ಡಾಕ್ಟರರಿಗೂ ಬರುವುದಿಲ್ಲವಂತೆ. ರಕ್ತವಿಲ್ಲದೆ, ಚಳಿಜ್ವರದಲ್ಲಿ ಸವೆದ ಮೈಗೆ ತಡೆದುಕೊಳ್ಳುವ ಶಕ್ತಿ ಕಡಿಮೆ. ವಾರಗಟ್ಟಲೆ ತಿನ್ನಿಸಿದರೆ ಇನ್ನೂ ಕಡಿಮೆ. ಈಗ ಹೊಸ ತಳವಾರರು ಹುಟ್ಟುವವರೆಗೆ ಹೊರಗಿನ ಯಾವ ರೋಗವೂ ಅವಳ ಹತ್ತಿರ ಸುಳಿಯಬಾರದು.

ಜೀವಮಾನವೆಲ್ಲ ಮುಷ್ಟಿಯಲ್ಲೇ ಅಳೆದವಳು ಈಗ ಬೆಳಗಾದರೆ ಪ್ರಾಣೇಶಪ್ಪನ ಕಿಟಕಿಯ ಕೆಳಗೆ ಕೂತು, ಇವತ್ತು ಎಷ್ಟು ಅಂತ ಕೇಳುವಂತಾಯಿತು. ಎರಡನೆಯ ದಿನ ಆರುನೂರು. ಮೂರನೆಯ ದಿನ ಐದುನೂರ ಐವತ್ತು. ಆ ದಿನ ಅವಳು ಉಣ್ಣಲಿಲ್ಲ. ನಾಲ್ಕನೆಯ ದಿನವೂ ಐದುನೂರ ಐವತ್ತು. ಇಳಿದಿಲ್ಲವಲ್ಲ ಅಂತ ಒಂದು ರೊಟ್ಟಿ ತಿಂದಳು.

ಹೆರಿಗೆ ಮನೆಯಲ್ಲಿ ಊರವರನ್ನೆಲ್ಲ ಕೂಡಿಸಿಕೊಂಡು ಹರಟುತ್ತಿದ್ದವಳು ಈಗ ಮಗಳ ಕೋಣೆಯ ಬಾಗಿಲಿಗೆ ಅಡ್ಡ ಕೂತಳು. ಕೈ ತೊಳೆಯದೆ ನನ್ನನ್ನೂ ಬಿಡಲಿಲ್ಲ. ಕೆಮ್ಮಿದ ಜಾಡಮಾಲಿಯನ್ನು ಮೆಟ್ಟಿಲು ಇಳಿಸಿಯೇ ಬಂದಳು. ಐದನೆಯ ದಿನ ಗಂಗಕ್ಕನ ಅತ್ತೆ ಉಚ್ಚೆಂಗೆಮ್ಮ ಕೊಳಗಲ್ಲಿನಿಂದ ಗಾಡಿ ತುಂಬ ಮಂದಿ ಕಟ್ಟಿಕೊಂಡು, ಹಲಕುಂದಿ ಮಠದ ವಿಭೂತಿ ಹಿಡಿದು ಬಂದಳು. ಹುಲುಗಮ್ಮ ಏಳಲಿಲ್ಲ.

“ನನ್ನ ಸೊಸಿ ಮಾರಿ ನೋಡಾಕ ನಿನ್ನ ಅಪ್ಪಣಿ ಬೇಕೇನು?” ಅಂದಳು ಉಚ್ಚೆಂಗೆಮ್ಮ.

“ಬೇಕು.”

“ತಿನ್ನಬಾರದ್ದು ತಿನ್ಸಿ ಮಲಗಿಸಿದಾಕಿ ನೀನು. ಈಗ ಬಾಗಲ ಕಾಯಾಕ ಕುಂತೀ.”

“ಹೌದವ್ವ, ನಾನೇ ಮಲಗಿಸೀನಿ. ಆಕಿ ಮೈಯಾಗಿನ ತಳವಾರ್ರನ್ನ ಓಡಿಸಿದಾಕಿ ನಾನು, ಅವ್ರು ಬರೋತನಕ ಆ ಕೆಲಸ ನನ್ನದ. ವಿಭೂತಿ ಇಲ್ಲಿ ಕೊಡು, ಹೊರಗಿಂದ ಕೈ ಮುಗಿ. ದೇವರು ಒಳಗ ಬರಾಕ ಬಾಗಲ ಕೇಳಂಗಿಲ್ಲ, ನೀ ಕೇಳ್ತಿ.”

ಉಚ್ಚೆಂಗೆಮ್ಮ ಅಂಗಳದಲ್ಲಿ ಕೂತು ಬೇಕಾದಷ್ಟು ಬೈದು, ಬುತ್ತಿ ಬಿಚ್ಚಿ ಎಲ್ಲರಿಗೂ ಉಣಿಸಿ, ಹುಲುಗಮ್ಮನಿಗೂ ಒಂದು ಪಾಲು ಇಟ್ಟು ಹೋದಳು. ಬೀಗರ ಸಿಟ್ಟಿಗೆ ಅದರದೇ ರೀತಿ ಇರುತ್ತದೆ.

ಆರನೆಯ ದಿನ ಪ್ರಾಣೇಶಪ್ಪ ಕಿಟಕಿಯಿಂದ ಒಂಬೈನೂರು ಅಂದರು. ಎಂಟನೆಯ ದಿನ ಎರಡು ಸಾವಿರ. ಹನ್ನೊಂದನೆಯ ದಿನ ಗಂಗಕ್ಕ ತಾನಾಗಿ ಗಂಜಿ ಕೇಳಿದಳು, ಉಪ್ಪಿಲ್ಲ ಅಂತ ಸಿಟ್ಟು ಮಾಡಿದಳು. ಬಿಟ್ಟು ಕಳಿಸುವ ದಿನ ಡಾಕ್ಟರಮ್ಮ ಎಚ್ಚರಿಸಿ ಹೇಳಿದರು. ಈ ಹುಡುಗಿಗೆ ಇನ್ನು ಜನ್ಮದಲ್ಲಿ ಸಲ್ಫಾ ಕೊಡಬಾರದು, ಇನ್ನೊಮ್ಮೆ ಕೊಟ್ಟರೆ ಒಂದು ಗುಳಿಗೆಗೂ ತಳವಾರರು ಮತ್ತೆ ಹೋಗಬಹುದು, ಆಗ ನಾನೂ ಏನೂ ಮಾಡಲಾರೆ.

ಊರಿಗೆ ಬಂದ ದಿನವೇ ಹುಲುಗಮ್ಮ ಮನೆ ಮನೆ ತಿರುಗಿದಳು. ಆಗ ಊರಲ್ಲಿ ಐದು ಜನ ಬಾಣಂತಿಯರು ಅವಳ ಖಾರ ಉಣ್ಣುತ್ತಿದ್ದರು. ನಾನೂ ಜೊತೆಗೆ ಹೋದೆ. ಇದರಲ್ಲಿ ಸಲ್ಫಾ ಇದೆ, ಮೈಯ ಕಾವಲು ತೆಗೆಯುತ್ತದೆ, ನನ್ನ ಮಗಳು ಸಾಯುತ್ತಿದ್ದಳು, ವಾಪಸು ಕೊಡಿರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿದಳು. ಒಬ್ಬರೂ ಕೊಡಲಿಲ್ಲ. ಗಂಗಕ್ಕ ಅಷ್ಟು ದೊಡ್ಡ ಗಂಡಾಂತರದಿಂದ ಬದುಕಿ ಬಂದದ್ದೇ ಈ ಖಾರದ ಬಲದಿಂದ ಅಂತ ಓಣಿಯಲ್ಲಿ ಆಗಲೇ ಮಾತಾಗಿತ್ತು. ಪಕ್ಕೀರಮ್ಮ ಎನ್ನುವವಳು ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು, “ನಿನ್ನ ಮಗಳಿಗೆ ಎರಡು ಪಾಲು ಹಾಕಿದಿಯಂತ. ನಮ್ಮ ಸೊಸಿಗೆ ಇರೋದು ಒಂದು ಪಾಲು. ಅದನ್ನೂ ಕಸಗೊಂತಿಯೇನಬೇ?” ಅಂದಳು.

ಹುಲುಗಮ್ಮ ನಮ್ಮ ಕಟ್ಟೆಗೆ ಬಂದು ಕೂತಳು. ಪಕ್ಕೀರಮ್ಮನ ಸೊಸೆಯ ನಾಲಗೆ ನೋಡಿದೆಯಾ, ಅಂಚಿನಲ್ಲಿ ಬಿಳುಪು ಶುರುವಾಗಿದೆ ಅಂದಳು. ಆಮೇಲೆ ಎದ್ದು ಮತ್ತೆ ಹೋದಳು. ಈ ಸಾರಿ ಸಲ್ಫಾದ ಸುದ್ದಿಯೇ ಎತ್ತಲಿಲ್ಲ. ಖಾರ ಕುಟ್ಟುವಾಗ ಒರಳಲ್ಲಿ ಹಲ್ಲಿ ಬಿದ್ದಿತ್ತು, ನೋಡದೆ ಅದನ್ನೂ ಸೇರಿಸಿ ಕುಟ್ಟಿಬಿಟ್ಟೆ ಅಂದಳು.

ಹೊತ್ತು ಮುಳುಗುವುದರೊಳಗೆ ಐದು ಮನೆಯ ಖಾರವೂ ತಿಪ್ಪೆ ಸೇರಿತು. ಡಬ್ಬಿಗಳನ್ನೂ ಎಸೆದರು. ಪಕ್ಕೀರಮ್ಮ ಸೊಸೆಗೆ ತಲೆಯ ಮೇಲಿಂದ ನೀರು ಹಾಕಿಸಿದಳು.

ಐದು ಜನವೂ ಉಳಿದರು. ಹುಲುಗಮ್ಮನ ಹೆಸರು ಉಳಿಯಲಿಲ್ಲ. ಅಷ್ಟು ಹೊಲಸು ಕೈಯವಳು ಅಂತ ಹೆರಿಗೆಗೆ ಕರೆಯುವುದು ಬಿಟ್ಟರು. ಎಮ್ಮಿಗನೂರಿನಿಂದ ಬೇರೆಯವಳನ್ನು ಕರೆಸತೊಡಗಿದರು. ನನ್ನ ಅತ್ತೆಗೆ ಒರಳು ನಮ್ಮದು ಅಂತ ಗೊತ್ತಿತ್ತು. ಅದನ್ನು ಮೂರು ಸಾರಿ ತೊಳೆಸಿದಳು. ಹಲ್ಲಿಯೂ ಇಲ್ಲ, ಏನೂ ಇಲ್ಲ ಅಂತ ನಾನು ಬಾಯಿ ಬಿಡಲು ಹೋದರೆ ಹುಲುಗಮ್ಮ ಕಣ್ಣಲ್ಲೇ ಗದರಿಸುತ್ತಿದ್ದಳು. ಅವಳು ಹೋಗಿ ಎಷ್ಟೋ ವರ್ಷವಾಯಿತು, ಆ ಮನೆಗಳ ಹಿರಿಯರೂ ಇಲ್ಲ. ಈಗ ಬರೆದರೆ ಯಾರೂ ಖಾರ ಹುಡುಕಿಕೊಂಡು ತಿಪ್ಪೆಗೆ ಹೋಗುವುದಿಲ್ಲ.

ಐವತ್ತಮೂರರಲ್ಲಿ ಗಂಗಕ್ಕನ ಗಂಡನಿಗೆ ಆದೋನಿಯ ಹತ್ತಿ ಕಾರ್ಖಾನೆಯಲ್ಲಿ ಕೆಲಸವಾಯಿತು. ಅದೇ ವರ್ಷ ಸರಕಾರದವರು ಆದೋನಿಯನ್ನು ಆಂಧ್ರಕ್ಕೂ ನಮ್ಮನ್ನು ಮೈಸೂರಿಗೂ ಹಂಚಿದರು. ಹುಲುಗಮ್ಮನಿಗೆ ಆ ಚಳಿಗಾಲ ಎದೆ ಕಟ್ಟಿತು. ಎರ್ರೆಪ್ಪ ಕೊಟ್ಟದ್ದನ್ನೆಲ್ಲ ಮರುಮಾತಿಲ್ಲದೆ ನುಂಗಿದಳು. ಹಾಸಿಗೆಯಲ್ಲೇ ದಿನಕ್ಕೆ ಹತ್ತು ಸಾರಿ ಅವಳು ಯೋಚಿಸುತ್ತಿದ್ದದ್ದು ಒಂದೇ. ಅಷ್ಟು ಹೊತ್ತಿಗೆ ಸಲ್ಫಾ ಊರೂರಲ್ಲೂ ಸಿಗುತ್ತಿತ್ತು, ಕೆಮ್ಮಿದರೆ ಕೊಡುತ್ತಿದ್ದರು. ಗಂಗಕ್ಕನಿಗೋ ಜ್ವರ ಬಂದರೆ ಮಾತೇ ಹೊರಡುವುದಿಲ್ಲ. ಗುರುತಿಲ್ಲದ ಊರಲ್ಲಿ ಯಾರು ಯಾರಿಗೆ ಹೇಳುತ್ತಾರೆ?

ಒಂದು ಚೀಟಿ ಬರೆದು ಕೊಡುತ್ತೇನೆ, ತಾಯಿತದಲ್ಲಿ ಇಟ್ಟುಕೊಳ್ಳಲಿ ಅಂದೆ. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಉಸಿರು ಕೂಡಿಸಿಕೊಂಡು ನನ್ನನ್ನು ಹತ್ತಿರ ಕರೆದಳು.

“ಲೇ ಸಿರುಗುಪ್ಪದಾಕಿ, ಚೀಟಿ ನೆನೀತೈತಿ. ತಾಯಿತ ಹರೀತೈತಿ. ನೀ ಬಳ್ಳಾರಿಗೆ ಹೋಗು, ಪ್ರಾಣೇಶಪ್ಪನ ತಾವ ಇಂಗ್ಲೀಷಿನ್ಯಾಗ ಬರಸ್ಕೊಂಡು ಬಾ, ಈಕಿಗೆ ಸಲ್ಫಾ ಕೊಡಬ್ಯಾಡ್ರಿ ಅಂತ. ಕೊರವರಾಕಿನ್ನ ಕರಸಿ ಗಂಗಿ ಮುಂಗೈ ಮ್ಯಾಲೆ ಸೂಜಿಲೆ ಅದನ್ನ ಹಚ್ಚಿ ಹೊಯ್ಸು, ಸಾಯೋತನಕ ಅಳಿಸಂಗಿಲ್ಲ. ನೋಡಿ ನೋಡಿ ಹೊಯ್ಯಾಕ ಹೇಳು, ಒಂದು ಚುಕ್ಕಿನೂ ಹೆಚ್ಚು ಕಡಿಮಿ ಆಗಬಾರದು. ನನ್ನಂಗ ಕೈ ಅಳತಿ ಬ್ಯಾಡ ಅನ್ನು.”